ಬೆವರದ ಹೂಜಿ

ನನ್ನ ಪ್ರಯೋಗಾಲಯದ ಪಶ್ಚಿಮದ ಕಿಟಕಿಯಲ್ಲಿ ಒಂದು ಮಣ್ಣಿನ ಹೂಜಿ ಕೂತಿರುತ್ತದೆ. ನೀವು ಯಾವತ್ತಾದರೂ ಮಣಿಪಾಲದ ಗುಡ್ಡ ಹತ್ತಿ ಈ ಕಡೆ ಬಂದರೆ ನೋಡಬಹುದು: ಬಾಯಿಗೆ ನಯವಾಗಿ ಕೆತ್ತಿದ ತೆಂಗಿನ ಗೆರಟೆಯ ಮುಚ್ಚಳ, ಹೊಟ್ಟೆಯ ಒಂದು ಮಗ್ಗುಲಿಗೆ ಬೆಂಕಿ ನೆಕ್ಕಿಹೋದ ಕಪ್ಪು ಕಲೆ, ಅಡಿಯ ಹಲಗೆಯ ಮೇಲೆ ಎಂದೂ ಆರದ ಒಂದು ಒದ್ದೆ ವೃತ್ತ. ಗಾಜಿನ ನಳಿಗೆಗಳು, ಹಿತ್ತಾಳೆಯ ತಕ್ಕಡಿಗಳು, ಉಷ್ಣಮಾಪಕಗಳ ನಡುವೆ ಅದು ಬೇರೆ ಯಾರದೋ ಮದುವೆಗೆ ಬಂದು ಕೂತ ನೆಂಟನಂತೆ ಕಾಣುತ್ತದೆ. ಪ್ರತಿವರ್ಷ ಹೊಸದಾಗಿ ಬಂದ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಪಕ್ಕದ ಕೋಣೆಯಲ್ಲಿ ಫ್ರಿಜ್ ಉಂಟಲ್ಲ ಮೇಡಂ, ಇದೆಂತಕ್ಕೆ?" ಅದು ನನ್ನ ಸರ್ಟಿಫಿಕೇಟು ಎಂದರೆ ನಗುತ್ತಾರೆ. ನಗಲಿ. ವಿಶ್ವವಿದ್ಯಾನಿಲಯ ಕೊಟ್ಟ ಕಾಗದ ಮನೆಯ ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿ ಬೆಚ್ಚಗೆ ಮಲಗಿದೆ. ನನ್ನನ್ನು ಈ ಗುಡ್ಡ ಹತ್ತಿಸಿದ್ದು ಆ ಕಾಗದವಲ್ಲ, ಈ ಹೂಜಿ.

ಹೇಗೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ. ನಾನು ಹುಟ್ಟಿ ಬೆಳೆದದ್ದು ಕಾರ್ಕಳದಲ್ಲಿ, ಕರಿಬಂಡೆಯ ಊರಿನಲ್ಲಿ. ನಮ್ಮ ಮನೆಯ ಬಾವಿ ಬಂಡೆ ಒಡೆದು ತೆಗೆದದ್ದು. ಸುಡುವ ಮೇ ತಿಂಗಳ ಮಧ್ಯಾಹ್ನ ಕೊಡಪಾನ ಇಳಿಸಿ ಸೇದಿದರೂ ಹಲ್ಲು ಜುಮ್ಮೆನ್ನುವ ನೀರು ಬರುತ್ತಿತ್ತು. ಹಾಗಾಗಿ ನೀರು ತಣಿಸಲಿಕ್ಕೆಂದೇ ಒಂದು ಪಾತ್ರೆ ಇಟ್ಟುಕೊಳ್ಳುವ ಪ್ರಮೇಯ ನಮಗೆ ಬಂದದ್ದೇ ಇಲ್ಲ. ಮಣ್ಣಿನ ಪಾತ್ರೆ ಎಂದರೆ ನಾನು ಕಂಡದ್ದು ಮೀನಿನ ಸಾರು ಕುದಿಸುವ ಮಡಕೆ ಒಂದೇ. ಅದನ್ನು ಪಳಗಿಸುವುದೆಂದರೆ ಅಮ್ಮನಿಗೆ ಒಂದು ವ್ರತ. ಹೊಸ ಮಡಕೆ ಮನೆಗೆ ಬಂದರೆ ಮೊದಲ ದಿನ ಕುಚ್ಚಲಕ್ಕಿ ಗಂಜಿಯ ತೆಳಿ ತುಂಬಿಸಿಡಬೇಕು, ಎರಡನೆಯ ದಿನ ತೆಂಗಿನೆಣ್ಣೆ ಕಾಯಿಸಿ ಒಳಗೂ ಹೊರಗೂ ಉಜ್ಜಿ ಬಿಸಿಲಿಗಿಡಬೇಕು, ಮೂರನೆಯ ದಿನ ಸಣ್ಣ ಬೆಂಕಿಯಲ್ಲಿ ಬೆಚ್ಚಗೆ ಮಾಡಿ ಇನ್ನೊಮ್ಮೆ ಎಣ್ಣೆ ಕುಡಿಸಬೇಕು. ಆಮೇಲೆ ಆ ಮಡಕೆ ಸೋರುವುದಿಲ್ಲ, ಸಾರಿನ ಹುಳಿಯನ್ನು ಹೀರುವುದಿಲ್ಲ, ಹತ್ತು ವರ್ಷ ಬಾಳುತ್ತದೆ. ಪಳಗಿಸದ ಮಡಕೆಯನ್ನು ಒಲೆಗೇರಿಸಿದ ಸೊಸೆಯಂದಿರ ಕಥೆಗಳನ್ನು ಅಮ್ಮ ಎಷ್ಟು ಕರುಣಾಜನಕವಾಗಿ ಹೇಳುತ್ತಿದ್ದಳೆಂದರೆ, ನಾನಂತೂ ಆ ಸಾಲಿಗೆ ಸೇರಬಾರದೆಂದು ಲಂಗ ತೊಡುವ ವಯಸ್ಸಿನಲ್ಲೇ ತೀರ್ಮಾನಿಸಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಮದುವೆಯಾಗಿ ಕಾಪುವಿಗೆ ಬಂದೆ. ದೀಪಸ್ತಂಭ ಕಾಣುವಷ್ಟು ಹತ್ತಿರದಲ್ಲಿ, ತೆಂಗಿನ ಮರಗಳ ನಡುವೆ ಮನೆ. ಅಲ್ಲಿಯ ಬಾವಿ ಹೊಯಿಗೆಯಲ್ಲಿ, ಅಂದರೆ ಕಡಲ ಮರಳಿನಲ್ಲಿ, ತೋಡಿದ್ದು, ಬಗ್ಗಿದರೆ ಕೈಗೆಟುಕುವಷ್ಟು ಮೇಲೆ ನೀರು, ಬೇಸಿಗೆಯಲ್ಲಿ ಉಗುರುಬೆಚ್ಚಗೆ, ನಾಲಗೆಯ ತುದಿಗೆ ಒಂದಿಷ್ಟೇ ಉಪ್ಪು. ಇದನ್ನು ಮನುಷ್ಯರು ಕುಡಿಯುವಂತೆ ಮಾಡುತ್ತಿದ್ದದ್ದು ಚಾವಡಿಯ ಕಿಟಕಿಯಲ್ಲಿದ್ದ ಹೂಜಿ. ಕಡಲಗಾಳಿ ಅದನ್ನು ಸವರಿಕೊಂಡೇ ಒಳಗೆ ಬರುತ್ತಿತ್ತು. ಮಾವ ನಿವೃತ್ತ ಹೆಡ್‌ಮಾಸ್ಟರು. ಮಾತು ಕಮ್ಮಿ, ನೀರು ಜಾಸ್ತಿ. ಅಡಿಕೆ ಹಾಳೆಯ ಬೀಸಣಿಗೆ ಬೀಸಿಕೊಳ್ಳುತ್ತ ಗಂಟೆಗೊಮ್ಮೆ ಎದ್ದು ಹೋಗಿ, ಕಂಚಿನ ಲೋಟಕ್ಕೆ ಬಗ್ಗಿಸಿಕೊಂಡು, ಕಣ್ಣು ಮುಚ್ಚಿ ಕುಡಿದು, "ಹಾ" ಎಂದು ಒಂದೇ ಅಕ್ಷರದ ಭಾಷಣ ಮಾಡಿ ಬಂದು ಕೂರುತ್ತಿದ್ದರು. ಇಡೀ ದಿನದಲ್ಲಿ ಅವರ ಮುಖ ಅರಳುವುದು ಆಗಲೇ.

ಮದುವೆಯಾಗಿ ಆರು ತಿಂಗಳಿಗೆ ಮಣಿಪಾಲದ ಒಂದು ಕಾಲೇಜಿನಿಂದ ನನಗೊಂದು ಕಾಗದ ಬಂತು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಡೆಮಾನ್‌ಸ್ಟ್ರೇಟರ್ ಕೆಲಸ, ಒಪ್ಪಿಗೆಯಿದ್ದರೆ ತಿಂಗಳ ಕೊನೆಯೊಳಗೆ ತಿಳಿಸಬೇಕು. ಮದುವೆಗೆ ಮೊದಲು ಹಾಕಿದ್ದ ಅರ್ಜಿ ಅದು. ಮರೆತಂತೆ ನಟಿಸಿದ್ದೆನೇ ಹೊರತು ಮರೆತಿರಲಿಲ್ಲ. ಕಾಗದವನ್ನು ದಿಂಬಿನ ಅಡಿಯಲ್ಲಿಟ್ಟುಕೊಂಡು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಉಡುಪಿಯಲ್ಲಿ ಬ್ಯಾಂಕಿನ ಕೆಲಸಕ್ಕೆ ಹೋಗುತ್ತಿದ್ದ ಗಂಡ "ಅಪ್ಪನನ್ನು ಕೇಳು" ಎಂದು ಪೇಪರಿನ ಹಿಂದೆ ಮಾಯವಾದರು. ಮಾವ "ನೋಡುವ" ಎಂದರು. ಅತ್ತೆ ಎದ್ದು ಒಳಗೆ ಹೋದರು. ಅಡುಗೆಮನೆಯ ಪಾತ್ರೆಗಳು ಅವತ್ತು ಎಂದಿಗಿಂತ ಜೋರಾಗಿ ಮಾತಾಡಿದವು.

ಅದೇ ವಾರ ನೋಡಿ, ನನ್ನ ಗ್ರಹಚಾರ, ಹನ್ನೆರಡು ವರ್ಷದಿಂದ ಆ ಕಿಟಕಿಯಲ್ಲಿದ್ದ ಹೂಜಿ ತೊಳೆಯುವಾಗ ನನ್ನ ಕೈಜಾರಿ ಬಿದ್ದು ಚೂರಾಯಿತು. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಾಗುತ್ತಿತ್ತು! ಮರುದಿನವೇ ಕಾರ್ಕಳಕ್ಕೆ ಓಡಿ, ಅಮ್ಮನ ಗುರುತಿನ ಕುಂಬಾರಗಿತ್ತಿಯ ಅಂಗಳದಲ್ಲಿ ಇಪ್ಪತ್ತು ಹೂಜಿಗಳನ್ನು ಬೆರಳಲ್ಲಿ ತಟ್ಟಿ ನೋಡಿ, ಅತ್ಯಂತ ಇಂಪಾಗಿ ದನಿ ಕೊಟ್ಟದ್ದನ್ನು ಆರಿಸಿದೆ. ಎರಡು ಬಸ್ಸು ಬದಲಿಸಿ, ಅದನ್ನು ಮಡಿಲಲ್ಲಿ ಕೂರಿಸಿಕೊಂಡು ತಂದೆ. "ಮಗುವಿಗೆ ಟಿಕೆಟ್ ಬೇಡ ಅಕ್ಕ" ಎಂದು ಕಂಡಕ್ಟರು ನಗೆಯಾಡಿದ.

ಮನೆಗೆ ಬಂದವಳೇ ಉತ್ತಮ ಸೊಸೆಯ ಕರ್ತವ್ಯಕ್ಕೆ ಟೊಂಕ ಕಟ್ಟಿದೆ. ಅತ್ತೆ ಶಂಕರಪುರದ ತಂಗಿಯ ಮನೆಯಲ್ಲಿ ಮಲ್ಲಿಗೆ ಕಟ್ಟುವ ಕೆಲಸಕ್ಕೆ ಕೈಜೋಡಿಸಲು ಐದಾರು ದಿನ ಹೋಗಿದ್ದರು, ಕೇಳುವವರಿಲ್ಲ, ತಡೆಯುವವರಿಲ್ಲ. ಒಂದು ದಿನ ತೆಳಿ, ಎರಡನೆಯ ದಿನ ಎಣ್ಣೆ, ಮೂರನೆಯ ದಿನ ಮತ್ತೆ ಎಣ್ಣೆ. ಒಂದು ಕುಡ್ತೆ ಒಳ್ಳೆಯ ತೆಂಗಿನೆಣ್ಣೆಯನ್ನು ಆ ಕಿರುಗೊರಳಿನೊಳಗೆ ಸುರಿದು, ತಿರುಗಿಸಿ ತಿರುಗಿಸಿ, ಒಂದು ಚೂರು ಜಾಗವೂ ಒಣಗಿ ಉಳಿಯದಂತೆ ಕುಡಿಸಿದೆ. ಸಂಸ್ಕೃತದಲ್ಲಿ ಎಣ್ಣೆಗೂ ಸ್ನೇಹವೆಂದೇ ಹೆಸರಂತೆ. ನನ್ನಷ್ಟು ಸ್ನೇಹವನ್ನು ಯಾವ ಹೂಜಿಯೂ ಕಂಡಿರಲಿಕ್ಕಿಲ್ಲ. ಬಿಸಿನೀರಿನಲ್ಲಿ ತೊಳೆದು, ನೀರು ತುಂಬಿಸಿ, ಕಿಟಕಿಯಲ್ಲಿಟ್ಟು, ಕದ್ದು ಮಾವನ ಮುಖ ನೋಡಿದೆ. ಅವರು ಲೋಟವನ್ನು ಬಾಯಿಗೆ ತಂದರು, ಒಂದು ಕ್ಷಣ ನಿಂತರು, ಕುಡಿದರು. "ಹಾ" ಎನ್ನಲಿಲ್ಲ.

ಹೊಸತಲ್ಲವೇ, ನಾಳೆ ತಣಿಯುತ್ತದೆ ಎಂದುಕೊಂಡೆ. ನಾಳೆಯೂ ತಣಿಯಲಿಲ್ಲ, ನಾಡಿದ್ದೂ ಇಲ್ಲ. ಹೂಜಿಯ ಹೊಟ್ಟೆ ಮುಟ್ಟಿದರೆ ಒಣಒಣ, ಅಡಿಯ ಹಲಗೆ ಬೂದಿಯಷ್ಟು ಒಣಕಲು. ಏಪ್ರಿಲಿನ ಕಾಪು, ನಿಮಗೆ ಗೊತ್ತಲ್ಲ, ಕೂತಲ್ಲಿ ಬೆವರು ಸುರಿಯುವ ಸೆಕೆ. ಮನೆಯಲ್ಲಿ ಬೆವರದೆ ಇದ್ದದ್ದು ಹೂಜಿ ಒಂದೇ. ಊರಿಗೆ ಮರಳಿದ ಅತ್ತೆ ಒಂದು ಗುಟುಕು ಕುಡಿದು ನನ್ನ ಮುಂದೆಯೇ ಮಾವನಿಗೆ ಹೇಳಿದರು: "ಮನೆಯ ಒಂದು ಹೂಜಿ ಸರಿಯಾಗಿ ನೋಡಿ ತರಲಿಕ್ಕೆ ಬಾರದವಳು, ಮಣಿಪಾಲದಲ್ಲಿ ಹುಡುಗರಿಗೆ ಎಂತ ಕಲಿಸುವುದು?" ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಮಾವ ಬೀಸಣಿಗೆ ಕೆಳಗಿಟ್ಟು ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು: "ಹೂಜಿಯ ನೀರು ತಣ್ಣಗಾಗುವುದು ಯಾಕೆಂದು ಕಲಿತವಳು ನೀನಲ್ವಾ ಮಗಾ? ಹಾಗಾದರೆ ಇದಕ್ಕೆ ಎಂತ ಆಗಿದೆ, ನೀನೇ ಹುಡುಕಿ ಸರಿ ಮಾಡು. ಮಣಿಪಾಲದ ಮಾತು ಮತ್ತೆ."

ತಿಂಗಳು ಮುಗಿಯಲು ಹತ್ತು ದಿನ ಉಳಿದಿತ್ತು. ಅಯ್ಯೋ ದೇವರೇ, ಎಂಥ ಪರೀಕ್ಷೆ! ಪುಸ್ತಕದಲ್ಲಿದ್ದದ್ದೆಲ್ಲ ನನಗೆ ಬಾಯಿಪಾಠ: ಮಣ್ಣಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ, ಒಳಗಿನ ನೀರು ಅವುಗಳ ಗೋಡೆ ಹಿಡಿದು ಹೊರಗೆ ತೆವಳುತ್ತದೆ, ಹೊರಗೆ ಬಂದದ್ದು ಗಾಳಿಗೆ ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಇದನ್ನು ಬರೆದೇ ಒಳ್ಳೆಯ ಅಂಕ ತೆಗೆದವಳು ನಾನು. ಹಾಗಾದರೆ ಇದರಲ್ಲಿ ರಂಧ್ರವೇ ಇಲ್ಲವೋ? ಕುಂಬಾರಗಿತ್ತಿ ಹದ ತಪ್ಪಿ ಸುಟ್ಟಳೋ? ಪಾಪದ ಹೆಂಗಸನ್ನು ಮನಸ್ಸಿನಲ್ಲೇ ನಾಲ್ಕು ಸಲ ಬೈದೆ. ಹೂಜಿಯನ್ನು ಮೂಲೆಯಿಂದ ಮೂಲೆಗೆ, ಗಾಳಿಯಿಂದ ಗಾಳಿಗೆ ಬದಲಿಸಿದೆ, ಒದ್ದೆ ಬಟ್ಟೆ ಸುತ್ತಿದೆ; ಬಟ್ಟೆ ಒದ್ದೆ ಇರುವಷ್ಟು ಹೊತ್ತು ಒಂದಿಷ್ಟು ತಣ್ಣಗಾಯಿತು, ಒಣಗಿದ ಮೇಲೆ ಮತ್ತೆ ಅದೇ ಬಿಸಿ. ಮಾವ ಮಾತ್ರ ಗಂಟೆಗೊಮ್ಮೆ ಎದ್ದು ಆ ಉಗುರುಬೆಚ್ಚಗಿನ ನೀರನ್ನೇ ಕುಡಿದು, ಬಂದು ಕೂರುತ್ತಿದ್ದರು. ಅವರು ಲೋಟ ಎತ್ತಿದಾಗಲೆಲ್ಲ ನಾನು ಅಡುಗೆಮನೆಗೆ ಓಡುತ್ತಿದ್ದೆ.

ಉತ್ತರ ಸಿಕ್ಕಿದ್ದು ಬಚ್ಚಲಿನಲ್ಲಿ. ಮಾವ ಹಾಗೆ ಹೇಳಿದ ಏಳನೆಯ ದಿನ ಶನಿವಾರ, ಎಣ್ಣೆಸ್ನಾನದ ದಿನ. ಮೈಗೆಲ್ಲ ಎಣ್ಣೆ ಉಜ್ಜಿಕೊಂಡು ಮೊದಲ ತಂಬಿಗೆ ಬಿಸಿನೀರು ತೋಳಿಗೆ ಸುರಿದುಕೊಂಡೆ. ನೀರು ಮೈಗೆ ಹತ್ತಲೇ ಇಲ್ಲ. ಗುಂಡುಗುಂಡಾಗಿ ಹನಿಗಟ್ಟಿ, ಇಲ್ಲಿ ನನಗೇನೂ ಕೆಲಸವಿಲ್ಲ ಎಂಬಂತೆ ಜಾರಿಹೋಯಿತು. ದಿನಾ ನೋಡಿದ್ದನ್ನೇ ಅವತ್ತು ಕಂಡೆ. ಹೂಜಿಯಲ್ಲಿ ರಂಧ್ರಗಳಿಲ್ಲದೆ ಇಲ್ಲ, ಅವುಗಳ ಗೋಡೆಗೆ ನಾನೇ ಎಣ್ಣೆಸ್ನಾನ ಮಾಡಿಸಿದ್ದೇನೆ! ಬಾಗಿಲು ಅಷ್ಟೇ ಅಗಲ, ನೀರು ಅದೇ ನೀರು, ಬದಲಾದದ್ದು ಗೋಡೆಯ ಮನಸ್ಸು. ಇಂಥದ್ದೇ ಸಂದರ್ಭದಲ್ಲಿ ಬಚ್ಚಲಿನಿಂದ ಬೀದಿಗೆ ಓಡಿದ ಗ್ರೀಕ್ ಪಂಡಿತನೊಬ್ಬನ ಕಥೆ ನಿಮಗೂ ಗೊತ್ತು. ನಾನು ಸೊಸೆ, ಸೀಗೆಪುಡಿ ಹಾಕಿ ಮಿಂದು, ಸೀರೆ ಉಟ್ಟು, ಮರ್ಯಾದೆಯಿಂದಲೇ ಓಡಿದೆ. ಹೂಜಿಯ ಹೊಟ್ಟೆಗೆ ಬೆರಳಿನಿಂದ ಒಂದು ಹನಿ ಇಟ್ಟೆ. ಅದು ಗುಂಡಗೆ ನಿಂತಿತು. ಪಕ್ಕದಲ್ಲಿದ್ದ ಒಡೆದ ಹಂಚಿನ ತುಂಡಿಗೆ ಇನ್ನೊಂದು ಹನಿ ಇಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹಂಚು ಅದನ್ನು ಕುಡಿದೇ ಬಿಟ್ಟಿತು.

ಸಂತೋಷ ಅರ್ಧ ಗಳಿಗೆಯೂ ಉಳಿಯಲಿಲ್ಲ. ಕಾರಣ ಹೇಳಬೇಕಾದರೆ ತಪ್ಪು ಯಾರದೆಂದೂ ಹೇಳಬೇಕಲ್ಲ! ನೀರು ತಣಿಸುವ ಪಾತ್ರೆಯನ್ನು ಸಾರಿನ ಮಡಕೆಯಂತೆ ಪಳಗಿಸಿದ ಪದವೀಧರೆಯನ್ನು ಯಾವ ಮಾವ ಕೆಲಸಕ್ಕೆ ಕಳಿಸಿಯಾರು? ಗುಟ್ಟಾಗಿ ತೊಳೆದು ಮುಗಿಸೋಣವೆಂದು ಸೀಗೆಪುಡಿಯಿಂದ ತಿಕ್ಕಿದೆ, ಬೂದಿಯಿಂದ ತಿಕ್ಕಿದೆ, ಕುದಿನೀರು ತುಂಬಿಸಿಟ್ಟೆ. ಮೇಲಿನ ಎಣ್ಣೆ ಹೋಯಿತು, ರಂಧ್ರದೊಳಗೆ ಹೊಕ್ಕದ್ದು ಹೋಗಲಿಲ್ಲ. ಕೊನೆಗೆ ಮಾರನೆಯ ಬೆಳಿಗ್ಗೆ ಮಾವನ ಮುಂದೆ ನಿಂತು ಒಂದೇ ಉಸಿರಿನಲ್ಲಿ ಎಲ್ಲ ಒಪ್ಪಿಸಿದೆ: ತೆಳಿ, ಎಣ್ಣೆ, ಮೂರು ದಿನ, ನನ್ನದೇ ಪೆದ್ದುತನ. ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಮಾವ ನಗಲಿಲ್ಲ. "ರೋಗ ಸಿಕ್ಕಿತು. ಮದ್ದು ಎಂತ?" ಎಂದರು.

"ಸುಡಬೇಕು ಮಾವ," ಎಂದೆ. "ಎಣ್ಣೆ ಉರಿದು ಹೋದರೆ ಮಣ್ಣು ಮೊದಲಿನ ಹಾಗೆ ಆಗ್ತದೆ. ಒಡೆದರೂ ಒಡೀಬಹುದು."

"ಒಡೆದರೆ?"

"ಒಡೆದರೆ ಮಣಿಪಾಲದ ಮಾತು ನಾನು ಎತ್ತುವುದಿಲ್ಲ." ಬಾಯಿಂದ ಬಂದಮೇಲೆ ಹಿಂದಕ್ಕೆ ಎಳೆದುಕೊಳ್ಳುವಂತಿರಲಿಲ್ಲ.

ಅಂಗಳದಲ್ಲಿ ಒಣ ಸೋಗೆ, ಗೆರಟೆ, ತೆಂಗಿನಸಿಪ್ಪೆ ಒಟ್ಟಿ ನಡುವೆ ಹೂಜಿಯನ್ನು ಮಲಗಿಸಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ಎಂತ ಮಾರಾಯ್ತಿ, ಹೂಜಿಗೂ ಸಂಸ್ಕಾರವಾ?" ಎಂದರು. ನಗು ತಡೆಯಲಾಗಲಿಲ್ಲ, ಅಳುವೂ ಬಂತು. ಮೊದಲು ಸಣ್ಣಗೆ ಬೆಚ್ಚಗಾಗಿಸಿ, ಮೆಲ್ಲಮೆಲ್ಲನೆ ಉರಿ ಏರಿಸಿದೆ. ಹೂಜಿ ಕಪ್ಪಾಯಿತು, ಎಣ್ಣೆ ಹೊಗೆಯಾಡಿ ಇಡೀ ಅಂಗಳ ಯಾರೋ ಹಪ್ಪಳ ಕರಿದು ಸೀಯಿಸಿದ ಅಡುಗೆಮನೆಯಂತೆ ನಾರಿತು. ಇನ್ನು ಸಾಕು ಎಂದು ಕೈ ತುರಿಸುತ್ತಿತ್ತು, ಆದರೆ ಆ ಮಸಿಯೂ ಉರಿದು, ಒಂದು ಮಗ್ಗುಲಿನ ಕಲೆ ಬಿಟ್ಟು ಮಣ್ಣೆಲ್ಲ ಮತ್ತೆ ಕೆಂಪಾಗುವವರೆಗೆ ಕಾದೆ. ಆಮೇಲೆ ಬೂದಿಯಲ್ಲೇ ತಾನಾಗಿ ತಣಿಯಲು ಬಿಟ್ಟೆ. ಸಂಜೆಯ ಹೊತ್ತಿಗೆ ಹೊರತೆಗೆದು ಬೆರಳಲ್ಲಿ ತಟ್ಟಿದಾಗ ಅದು ಕಾರ್ಕಳದ ಅಂಗಳದಲ್ಲಿ ಕೊಟ್ಟ ಅದೇ ದನಿ ಕೊಟ್ಟಿತು.

ತೊಳೆದು ನೀರು ತುಂಬಿಸಿ ಕಿಟಕಿಯಲ್ಲಿಟ್ಟೆ. ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅತ್ತೆ ಅಲ್ಲಿ ನಿಂತಿದ್ದರು. ಹೂಜಿಯ ಮೈಮೇಲೆ ಮಂಜು ಕೂತಂತೆ ಸಣ್ಣಗೆ ತೇವ, ಅಡಿಯ ಹಲಗೆಯ ಮೇಲೆ ಒಂದು ಒದ್ದೆ ವೃತ್ತ. ಅತ್ತೆ ಅಂಗೈಯಿಂದ ಅದರ ಹೊಟ್ಟೆ ಸವರಿ, ಆ ತಣ್ಣನೆಯ ಕೈಯನ್ನು ನನ್ನ ಕೆನ್ನೆಗೆ ಒತ್ತಿ, "ಬುದ್ಧಿವಂತೆ" ಎಂದರು. ಮಾವ ಲೋಟ ತುಂಬಿಸಿಕೊಂಡು ಕಣ್ಣು ಮುಚ್ಚಿ ಕುಡಿದರು. "ಹಾ" ಎಂದರು. ಆಮೇಲೆ ಬೀಸಣಿಗೆ ಎತ್ತಿಕೊಂಡು ನನ್ನ ಕಡೆ ನೋಡದೆ ಕೇಳಿದರು: "ಮಣಿಪಾಲಕ್ಕೆ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸು?"

ಹೀಗೆ ನಾನು ಇಲ್ಲಿಗೆ ಬಂದೆ. ಪ್ರತಿವರ್ಷ ವಿದ್ಯಾರ್ಥಿಗಳಿಗೆ ನಾನು ಮಾಡಿ ತೋರಿಸುವ ಮೊದಲ ಪ್ರಯೋಗಕ್ಕೆ ದೊಡ್ಡ ಉಪಕರಣ ಏನೂ ಬೇಡ. ಕಾಪುವಿನ ಕಡಲತಡಿಯ ಹೊಯಿಗೆಯನ್ನು ತೊಳೆದು ಒಣಗಿಸಿ ಎರಡು ಪಾಲು ಮಾಡಿ, ಒಂದಕ್ಕೆ ಒಂದಿಷ್ಟೇ ಎಣ್ಣೆ ಬೆರೆಸಿ, ಎರಡನ್ನೂ ಎರಡು ಗಾಜಿನ ನಳಿಗೆಗಳಲ್ಲಿ ತುಂಬಿಸುತ್ತೇನೆ. ಮೇಲಿನಿಂದ ನೀರು ಸುರಿದರೆ ಒಂದರಲ್ಲಿ ಸರಾಗ ಇಳಿಯುತ್ತದೆ. ಇನ್ನೊಂದರಲ್ಲಿ ಕರೆಯದ ಮನೆಯ ಹೊಸ್ತಿಲಲ್ಲಿ ನಿಂತವರಂತೆ ಮೇಲೆಯೇ ನಿಂತಿರುತ್ತದೆ. ಕಣಗಳೂ ಅವೇ, ಅವುಗಳ ನಡುವಿನ ಸಂದುಗಳೂ ಅವೇ. ಒಮ್ಮೆ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಶಿರ್ವದ ಲಾರೆನ್ಸ್ ಎಂಬವರು ತಮ್ಮನನ್ನು ಕಾಲೇಜಿಗೆ ಸೇರಿಸಲು ಬಂದವರು ಇದನ್ನು ಕಂಡು ಚಪ್ಪಾಳೆ ತಟ್ಟಿದರು. "ಮೇಡಂ, ಅಲ್ಲಿ ನಮ್ಮ ಪೆಟ್ರೋಲ್ ಕಂಪೆನಿಯ ತಲೆನೋವು ಇದೇ ಅಲ್ವಾ! ಎಣ್ಣೆ ಎಂದರೆ ನೆಲದಡಿಯಲ್ಲಿ ಕೆರೆಯ ಹಾಗೆ ನಿಂತಿರುವುದಲ್ಲ, ನಿಮ್ಮ ಹೂಜಿಯಂಥ ಕಲ್ಲಿನೊಳಗೆ ಉಂಟು. ಒಂದು ಕಡೆಯಿಂದ ನೀರು ನುಗ್ಗಿಸಿ ಇನ್ನೊಂದು ಕಡೆಯಿಂದ ಎಣ್ಣೆ ಹೊರಡಿಸುವುದು. ಕಲ್ಲಿಗೆ ನೀರು ಇಷ್ಟವಾದರೆ ಎಣ್ಣೆ ಒಳ್ಳೆ ಬರ್ತದೆ. ಎಣ್ಣೆಯೇ ಇಷ್ಟವಾದರೆ ನೀರು ಸೀದಾ ಓಡಿ ಬರ್ತದೆ, ಎಣ್ಣೆ ಅಲ್ಲೇ ಅಂಟಿ ಕೂತಿರ್ತದೆ." ಅರಬರ ಮರುಭೂಮಿಯೂ ನಮ್ಮ ಚಾವಡಿಯ ಕಿಟಕಿಯೂ ಒಂದೇ ನಿಯಮಕ್ಕೆ ತಲೆಬಾಗುತ್ತವೆಂದು ತಿಳಿದು ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅವರಿಗೆ ಹೂಜಿಯಿಂದಲೇ ಒಂದು ಲೋಟ ನೀರು ಕೊಟ್ಟೆ.

ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ಮನೆಯೊಳಗೆ, ಒಂದು ಊರಿನೊಳಗೆ ಹೊಸಬರು ಇಳಿಯುವುದೂ ಹೀಗೆಯೇ ಅಲ್ಲವೇ? ಬಾಗಿಲು ದೊಡ್ಡದಾಗಿ ತೆರೆದಿದ್ದರೂ ಕೆಲವೆಡೆ ನಾವು ಹನಿಯಾಗಿ ಹೊರಗೇ ನಿಲ್ಲುತ್ತೇವೆ. ಕೆಲವೆಡೆ ಕೂದಲೆಳೆಯಷ್ಟು ಸಂದು ಸಾಕು, ಗೋಡೆಯೇ ಕೈಹಿಡಿದು ಒಳಗೆ ಕರೆದುಕೊಳ್ಳುತ್ತದೆ. ಮದುವೆಯಾದ ಹೊಸತರಲ್ಲಿ ನಾನು ಒಳ್ಳೆಯವಳೆನಿಸಿಕೊಳ್ಳುವ ಆತುರದಲ್ಲಿ ಎಲ್ಲರಿಗೂ ಎಣ್ಣೆ ಹಚ್ಚುತ್ತಲೇ ಇದ್ದೆ, ಯಾರೊಳಗೂ ಇಳಿದಿರಲಿಲ್ಲ. ತಪ್ಪೊಪ್ಪಿಕೊಂಡು ಅಂಗಳದಲ್ಲಿ ಮಸಿ ಮುಖ ಮಾಡಿಕೊಂಡು ನಿಂತ ಮೇಲೆಯೇ ಅತ್ತೆ ನನ್ನ ಕೆನ್ನೆ ಮುಟ್ಟಿದ್ದು. ಮುಂದೆ ಮನೆಗೆ ಹೊಸ ಹೂಜಿ ತಂದಾಗ ಈ ಹಳೆಯದನ್ನು ಅವರೇ ಬಟ್ಟೆ ಸುತ್ತಿ, "ನಿನ್ನ ಶಾಲೆಗೆ ಇರಲಿ" ಎಂದು ಕೊಟ್ಟರು.

ಇಷ್ಟು ಹೇಳಿ ಮುಗಿಸುವವಳಿದ್ದೆ. ಆದರೆ ಕಳೆದ ವಾರ ಮಾವ ಕಣ್ಣು ತೋರಿಸಲು ಮಣಿಪಾಲಕ್ಕೆ ಬಂದವರು ಮೊದಲ ಬಾರಿಗೆ ನನ್ನ ಪ್ರಯೋಗಾಲಯಕ್ಕೂ ಬಂದರು. ಎಂಬತ್ತು ದಾಟಿದ ಜೀವ. ಎತ್ತರದ ಸ್ಟೂಲಿನ ಮೇಲೆ ಕೂತು, ನಳಿಗೆಗಳನ್ನೆಲ್ಲ ನೋಡಿ, ಫ್ರಿಜ್ಜಿನ ನೀರು ಬೇಡವೆಂದು ಹೂಜಿಯ ನೀರು ಕೇಳಿದರು. ಒಂದು ಗುಟುಕು ಕುಡಿದು, ತುಟಿ ಒರೆಸಿಕೊಂಡು, "ಎಣ್ಣೆಯ ವಾಸನೆ ಈಗ ಪೂರ್ತಿ ಹೋಗಿದೆ" ಎಂದರು.

"ಯಾವ ಎಣ್ಣೆ ಮಾವ? ನಿಮಗೆ ಅದರ ವಾಸನೆ ಯಾವಾಗ ಬಂತು?"

"ಮೊದಲ ದಿನವೇ. ಲೋಟ ಬಾಯಿಗೆ ತರುವಾಗಲೇ ತೆಂಗಿನೆಣ್ಣೆ ಗಮ್ ಅಂತಿತ್ತು."

ನಾನು ಕೂತೇಬಿಟ್ಟೆ. "ಗೊತ್ತಿದ್ದೂ ಒಂಬತ್ತು ದಿನ ಆ ಬೆಚ್ಚನೆಯ ನೀರು ಕುಡಿದಿರಾ? ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದರೆ ನೀನು ಬೇರೆ ಹೂಜಿ ತರ್ತಿದ್ದೆ, ಅಷ್ಟೇ," ಎಂದರು ಮಾವ. "ನಿನ್ನನ್ನು ಕಳಿಸಬೇಕೆಂದು ಕಾಗದ ಬಂದ ದಿನವೇ ನನ್ನ ಮನಸ್ಸಿನಲ್ಲಿತ್ತು. ಒಪ್ಪದೆ ಇದ್ದದ್ದು ನಿನ್ನ ಅತ್ತೆ. ಅವಳು ನನ್ನ ಮಾತಿಗೆ ಒಪ್ಪುವವಳಾ? ಕಣ್ಣಾರೆ ನೋಡಿದರೆ ಒಪ್ಪುವವಳು."

ಹೂಜಿಯ ಹೊಟ್ಟೆಯ ತೇವ ಒರೆಸುವ ನೆಪದಲ್ಲಿ ಸೆರಗು ಎಳೆದುಕೊಂಡು ನನ್ನ ಕಣ್ಣನ್ನೂ ಒರೆಸಿಕೊಂಡೆ. ಹಲಗೆಯ ಮೇಲಿನ ಒದ್ದೆ ವೃತ್ತ ಕಿಟಕಿಯ ಬೆಳಕಿಗೆ ಹೊಳೆಯುತ್ತಿತ್ತು. ಮಾವ ಲೋಟ ಮುಂದೆ ಚಾಚಿ, "ಇನ್ನೂ ಬಗ್ಗಿಸು ಮಗಾ," ಎಂದರು. "ಒಂಬತ್ತು ದಿನದ್ದು ಬಾಕಿ ಉಂಟು."